ಹಿಂದಿನ ಗಾಲಿಯೂ ನನ್ನ ಬಲಗಿವಿಯೂ

...ಅಥವಾ ಆ ಸಪ್ಪಳವನ್ನು ಮೊದಲು ಕೇಳಿದವಳು ನನ್ನ ಹೆಂಡತಿಯೇ ಇರಬಹುದು. ನನ್ನ ನೆನಪಿನಲ್ಲಿ ಅವಳು ಪೊರಕೆ ಹಿಡಿದು ಗೇಟಿನ ಹತ್ತಿರ ನಿಂತಿದ್ದಾಳೆ, ನಾನು ಸೈಕಲ್ ಏರಿ ಹೊರಟಿದ್ದೇನೆ, ಅವಳು "ಅದೇನ್ರಿ ಸಪ್ಪಳ?" ಎಂದು ಕೇಳುತ್ತಾಳೆ. ಚಿತ್ರ ಎಷ್ಟು ಸ್ಪಷ್ಟವಾಗಿದೆಯೆಂದರೆ ಪೊರಕೆಗೆ ಕಟ್ಟಿದ ಹಸಿರು ದಾರವೂ ಕಾಣುತ್ತದೆ. ನನಗೆ ಸಂಶಯ ಬಂದದ್ದೇ ಅಲ್ಲಿ. ಇಷ್ಟು ಸ್ಪಷ್ಟವಾಗಿ ನೆನಪಿರುವ ಯಾವುದನ್ನೂ ನಾನು ಸುಲಭಕ್ಕೆ ನಂಬುವವನಲ್ಲ. ಎದ್ದು ಹೋಗಿ ನೋಡಿ ಬಂದೆ. ನಮ್ಮ ಮನೆಯ ಪೊರಕೆಗೆ ಹಸಿರು ದಾರ ಇಲ್ಲ. ಕೆಂಪು ಪ್ಲಾಸ್ಟಿಕ್ ಹಿಡಿಕೆ ಇದೆ!

ಹೆಂಡತಿ ನೀಲಾ ಹೇಳುವುದೇ ಬೇರೆ.

"ನಾ ಯಾವಾಗ ಕೇಳಿನ್ರಿ? ನೀವ ಒಳಗ ಬಂದು, ಹಿಂದಿನ ಗಾಲಿ ಖಟಕ್ ಖಟಕ್ ಅನ್ನಾಕತ್ತೈತಿ ಅಂದ್ರಿ. ನಾ ಚಾ ಸೋಸಾಕತ್ತಿದ್ನಿ. ಡಬ್ಬ್ಯಾಗಿನ ಚಮಚ ಇರಬೇಕು ತಗೀರಿ ಅಂದೆ. ಅಷ್ಟ."

ಯಾರು ಮೊದಲು ಕೇಳಿದರು ಎಂಬುದು ನಿಮಗೆ ಸಣ್ಣ ಮಾತು ಅನ್ನಿಸಬಹುದು. ಅಲ್ಲ. ನನ್ನ ಇಪ್ಪತ್ತೆಂಟು ವರ್ಷದ ನೌಕರಿ ಅದರ ಮೇಲೆ ನಿಂತಿದೆ.

ನಾನು ಮಿರಜದ ಹತ್ತಿರ ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ, ನೀರಿನ ಪಂಪು ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿದ್ದೇನೆ. ಅಲ್ಲಿ ನನ್ನ ಕೆಲಸ ಕೇಳುವುದು. ತಯಾರಾದ ಪಂಪನ್ನು ಚಾಲೂ ಮಾಡುತ್ತಾರೆ. ನಾನು ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಅದರ ಹಿಡಿಕೆಯನ್ನು ಬಲಗಿವಿಗೆ ಒತ್ತಿ ಕಣ್ಣು ಮುಚ್ಚುತ್ತೇನೆ. ಒಳಗೆ ಗುಂಡುಗಳು ಉರುಳುವ ಸದ್ದು ಆ ಕಬ್ಬಿಣದಗುಂಟ ಏರಿ ಕಿವಿಗೆ ಬರುತ್ತದೆ. ಸ್ವಲ್ಪ ಹೊತ್ತು ಕೇಳಿ "ಪಾಸ್" ಅನ್ನುತ್ತೇನೆ, ಇಲ್ಲವೇ "ಬಿಚ್ರಿ" ಅನ್ನುತ್ತೇನೆ. ಎಲ್ಲರೂ ನನ್ನನ್ನು ಕಿವಿ ಕಾಕಾ ಎಂದೇ ಕರೆಯುತ್ತಾರೆ. ಇದು ನಮ್ಮ ಮನೆತನದಲ್ಲೇ ಬಂದದ್ದು. ಜತ್ತ ಕಡೆಯ ಹಳ್ಳಿಯಲ್ಲಿ ಕುರಿ ಮೇಯಿಸುತ್ತಿದ್ದ ನಮ್ಮಪ್ಪ, ಹಿಂಡಿಗೆ ಬೆನ್ನು ಹಾಕಿ ಕುಳಿತು ಬರೀ ಕೆಮ್ಮು ಕೇಳಿ ಇಂಥ ಕುರಿಯೇ ಎಂದು ಹೇಳುತ್ತಿದ್ದ. ನಮ್ಮಪ್ಪ ಅಲ್ಲ, ನಮ್ಮ ಕಾಕಾ ಇರಬೇಕು. ಯಾರೋ ಒಬ್ಬರು ಹೇಳುತ್ತಿದ್ದರು. ಕುರಿಯಂತೂ ಕೆಮ್ಮುತ್ತಿತ್ತು, ಅದು ಖಾತ್ರಿ.

ಮೊನ್ನೆ ಮೊನ್ನೆ ನಮ್ಮ ಮಾಲಕ ಒಂದು ಯಂತ್ರ ತಂದ. ಅಂಗೈಯಷ್ಟಿದೆ. ಬೇರಿಂಗಿಗೆ ಮುಟ್ಟಿಸಿದರೆ ಸಾಕು, ಒಂದು ಅಂಕಿ ತೋರಿಸುತ್ತದೆ. ಕೆಂಪು ಅಂಕಿ ಬಂದರೆ ಕೆಟ್ಟಿದೆ, ಹಸಿರು ಬಂದರೆ ಒಳ್ಳೆಯದಿದೆ. ಮೊದಲನೆಯ ದಿನವೇ ಒಂದು ಪಂಪಿನ ಮೇಲೆ ಯಂತ್ರ ಹಸಿರು ತೋರಿಸಿತು. ನಾನು ಸ್ಕ್ರೂಡ್ರೈವರ್ ಇಟ್ಟು ಕೇಳಿ "ಬಿಚ್ರಿ" ಎಂದೆ. ನನಗೆ ಒಳಗೆ ಸ್ಪಷ್ಟವಾಗಿ ಖಟಕ್ ಎಂದು ಕೇಳಿತ್ತು. ಬಿಚ್ಚಿದರು.

ಒಳಗೆ ಏನೂ ಇರಲಿಲ್ಲ. ಹಾಗಂತ ಅವರು ಹೇಳಿದರು!

ಮಾಲಕ ವಯಸ್ಸಿನಲ್ಲಿ ಸಣ್ಣವ, ಒಳ್ಳೆಯವ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೆಗಲ ಮೇಲೆ ಕೈಯಿಟ್ಟು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ, "ಕಾಕಾ, ಮಿರಜಕ್ಕ ಹೋಗಿ ಒಮ್ಮೆ ಕಿವಿ ತಪಾಸಣಿ ಮಾಡಿಸ್ಕೊಂಡು ಬರ್ರಿ. ಕಾಗದ ತಂದು ಕೊಡ್ರಿ. ಸರಿ ಇದ್ರ ಇಲ್ಲೇ ಇರ್ರಿ. ಇಲ್ಲಂದ್ರ ಪ್ಯಾಕಿಂಗ್‌ದಾಗ ಆರಾಮ ಕುಂದ್ರಿ" ಎಂದು ಒಂದು ಚೀಟಿ ಬರೆದುಕೊಟ್ಟ.

ಪ್ಯಾಕಿಂಗ್! ರಟ್ಟಿನ ಡಬ್ಬಿಗೆ ಅಂಟುಪಟ್ಟಿ ಹಚ್ಚುವುದು! ಆ ಚೀಟಿಯನ್ನು ನಾನು ಅಂಗಿಯ ಜೇಬಿನಲ್ಲಿಟ್ಟೆ. ಮೂರು ವಾರ ಅದು ಅಂಗಿಯಿಂದ ಅಂಗಿಗೆ ವರ್ಗವಾಗುತ್ತ ಹೋಯಿತು.

ಅಷ್ಟರಲ್ಲಿ ಸೈಕಲ್ಲಿನ ಹಿಂದಿನ ಗಾಲಿ ಸದ್ದು ಮಾಡತೊಡಗಿತು. ಖಟಕ್, ಸ್ವಲ್ಪ ಬಿಡುವು, ಖಟಕ್. ನನಗೆ ಸಂತೋಷವಾಯಿತೆಂದರೆ ನೀವು ನಂಬಬೇಕು. ಇದು ದೇವರು ಕಳಿಸಿದ ಪರೀಕ್ಷೆ. ಈ ಸದ್ದು ಎಲ್ಲಿಂದ ಬರುತ್ತದೆಂದು ಕಿವಿಯಿಂದಲೇ ಪತ್ತೆ ಹಚ್ಚಿ, ಕೆಟ್ಟ ಭಾಗವನ್ನು ಬಿಚ್ಚಿ ತೆಗೆದು, ಮಾಲಕನ ಮೇಜಿನ ಮೇಲೆ ಇಡುತ್ತೇನೆ. ಡಾಕ್ಟರರ ಕಾಗದಕ್ಕಿಂತ ಅದು ದೊಡ್ಡ ಕಾಗದ!

ನೀಲಾಳ ಎದುರು ಘೋಷಣೆ ಮಾಡಿದೆ. "ಸೋಮವಾರ ಸೂಟಿ ಐತಿ. ಸಂಜಿ ಆಗೂದ್ರೊಳಗ ಇದರ ಮೂಲ ಹುಡುಕಿ ಕೊಡ್ತೀನಿ. ಸಿಗಲಿಲ್ಲಂದ್ರ ನಾನ ನನ್ನ ಕಾಲ್ಲೆ ಮಿರಜದ ದವಾಖಾನಿಗೆ ಹೋಗ್ತೀನಿ."

"ಕಾಲ್ಲೆ ಯಾಕ್ರಿ, ಬಸ್ ಅದಾವಲ್ಲ" ಎಂದಳು ನೀಲಾ. "ಮಾರುತಿ ಅಂಗಡಿಗೆ ಒಯ್ದು ತೋರಿಸ್ರಿ ಮೊದಲ."

ಮಾರುತಿ ಎಂದರೆ ವಿಶ್ರಾಮಬಾಗದಲ್ಲಿ ನಮ್ಮ ಓಣಿಯ ಮೂಲೆಗೆ ಸೈಕಲ್ ದುರಸ್ತಿ ಮಾಡುವವ. ಅವನ ಕಡೆ ಒಯ್ಯುವುದೆಂದರೆ ನಾನೇ ಬಿಳಿ ನಿಶಾನೆ ತೋರಿಸಿದ ಹಾಗೆ. ಒಯ್ಯುವುದಿಲ್ಲ ಎಂದೆ.

ಸೋಮವಾರ ಬೆಳಗ್ಗೆ ಶಾಸ್ತ್ರೋಕ್ತವಾಗಿ ತಪಾಸಣೆ ಶುರುವಾಯಿತು. ಮೊದಲು ಚಮಚ. ಊಟದ ಡಬ್ಬಿಯನ್ನೂ ಚಮಚವನ್ನೂ ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಓಣಿಯಲ್ಲಿ ಒಂದು ಸುತ್ತು ಹೊಡೆದೆ. ಖಟಕ್. ಈಗ ಈ ಕಥೆಯನ್ನು ನಮ್ಮ ಓಣಿಯವರು ಹೇಳುವಾಗ ಕೊನೆಗೆ ಚಮಚವೇ ಸಿಕ್ಕಿತು ಎಂದು ಮುಗಿಸುತ್ತಾರೆ. ಚಂದ ಮುಗಿಯುತ್ತದೆ, ಒಪ್ಪುತ್ತೇನೆ. ಆದರೆ ಸುಳ್ಳು. ಚಮಚ ನಿರಪರಾಧಿ.

ಎರಡನೆಯದು ಸಾಕ್ಷಿ. ಸೈಕಲ್ ನಡೆಸುತ್ತ ಹಿಂದಿನ ಗಾಲಿಗೆ ಕಿವಿಗೊಡುವುದು ಒಬ್ಬ ಮನುಷ್ಯನಿಂದ ಆಗುವ ಕೆಲಸವಲ್ಲ. ನೀಲಾಳನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡೆ. ಮದುವೆಯಾದ ಹೊಸದರಲ್ಲಿ ಹೀಗೆ ಕೂತು ಹರಿಪುರದ ತನಕ ಹೋಗಿದ್ದೆವು ಎಂದು ನನಗೆ ನೆನಪು. ಆಗ ತನ್ನ ತೂಕ ಬೇರೆ ಇತ್ತು ಎಂದು ಅವಳಿಗೆ ನೆನಪು.

"ಬಗ್ಗಿ ಕೇಳ. ಕಿವಿ ಗಾಲಿ ಹತ್ರ ಒಯ್ಯಿ" ಎಂದೆ.

"ಬಗ್ಗಿದ್ರ ಬೀಳ್ತೀನಿ."

"ನನ್ನ ಬೆಲ್ಟ್ ಹಿಡ್ಕೊ!"

ಎದುರುಮನೆಯಾಕೆ ಕಾಕೂ ಅಂಗಳದಿಂದಲೇ ನೀಲಾಳಿಗೆ ಮರಾಠಿಯಲ್ಲಿ, ಅತ್ತಿಗೆ, ಏನು ಬಿದ್ದಿದೆ, ಏನು ಹುಡುಕುತ್ತೀರಿ ಎಂದು ಕೂಗಿ ಕೇಳಿದರು.

"ಏನಿಲ್ಲ ಕಾಕೂ, ಇವರ ಕಿವಿ!" ಎಂದು ನೀಲಾ ತಲೆಕೆಳಗಾಗಿಯೇ ಉತ್ತರ ಕೊಟ್ಟಳು.

ನಾನು ಹಿಂದೆ ತಿರುಗಿ "ಏನಂದಿ?" ಎಂದೆ. ತಿರುಗಬಾರದಿತ್ತು. ಸೈಕಲ್ ನೇರವಾಗಿ ಕಾಕೂ ಅವರ ತುಳಸಿಕಟ್ಟೆಯ ಕಡೆ ಹೊರಟಿತು. ನೀಲಾ ಜಾಣೆ, ಕಟ್ಟೆ ಬರುವ ಮೊದಲೇ ಇಳಿದುಬಿಟ್ಟಳು. ನಾನು ಕಟ್ಟೆಯ ಹತ್ತಿರ ಇಳಿದೆ. ಇಳಿದೆ ಎಂದರೆ ನಿಮಗೆ ಅರ್ಥವಾಗಿರಬೇಕು.

"ಕೇಳ್ತೋ ಇಲ್ಲೋ?" ಎಂದು ನೆಲದ ಮೇಲಿಂದಲೇ ಕೇಳಿದೆ.

"ನನಗೇನೂ ಕೇಳಲಿಲ್ಲ" ಎಂದಳು.

ಇದರಿಂದ ನಾನು ಎದೆಗುಂದಲಿಲ್ಲ. ಕ್ಯಾರಿಯರಿನ ಮೇಲೆ ಅವಳ ಭಾರ ಬಿದ್ದಾಗ ಗಾಲಿ ಒತ್ತಿಕೊಂಡು ಸದ್ದು ಅಡಗಿರುತ್ತದೆ. ಸರಳ ವಿಜ್ಞಾನ. ಹಾಗೆಂದು ಅವಳಿಗೆ ಹೇಳಿದೆ. ಇಡೀ ಅರ್ಧ ತಾಸು ಅವಳು ನನ್ನ ಜೊತೆ ಮಾತಾಡಲಿಲ್ಲ.

ಆ ಅರ್ಧ ತಾಸಿನಲ್ಲಿ ನಾನು ಮೂರನೆಯ ಹಂತ ಮುಗಿಸಿದೆ. ಸದ್ದು ಮಾಡಬಹುದಾದ ಒಂದೊಂದನ್ನೇ ಬಿಚ್ಚಿ ತೆಗೆದು, ಪ್ರತಿ ಸಲ ಒಂದು ಸುತ್ತು ಹೊಡೆದು ನೋಡುವುದು. ಕೀಲಿ ತೆಗೆದೆ. ಖಟಕ್. ಸ್ಟ್ಯಾಂಡ್ ತೆಗೆದೆ. ಖಟಕ್. ಚೈನಿನ ಮೇಲಿನ ಕವಚ, ಕ್ಯಾರಿಯರು, ಹಿಂದಿನ ಮಡ್‌ಗಾರ್ಡು. ಖಟಕ್, ಖಟಕ್, ಖಟಕ್! ಗಂಟೆ ಮುಂದೆ ಇತ್ತು, ಆದರೂ ಸಂಶಯ ಬೇಡವೆಂದು ಅದನ್ನೂ ತೆಗೆದೆ. ಅಂಗಳದಲ್ಲಿ ಗುಜರಿ ಅಂಗಡಿ ಬೆಳೆಯಿತು. ಸೈಕಲ್ ಸಣ್ಣದಾಗುತ್ತ ಬಂತು, ಸದ್ದು ದೊಡ್ಡದಾಗುತ್ತ ಹೋಯಿತು.

ಕೊನೆಗೆ ನನ್ನ ಬ್ರಹ್ಮಾಸ್ತ್ರ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದೆ. ಒಂದು ಕೈಯಿಂದ ಪೆಡಲು ತಿರುಗಿಸಿ ಗಾಲಿಗೆ ವೇಗ ಕೊಟ್ಟೆ. ಸ್ಕ್ರೂಡ್ರೈವರಿನ ತುದಿಯನ್ನು ಗಾಲಿಯ ನಟ್ಟಿನ ಮೇಲಿಟ್ಟು, ಹಿಡಿಕೆಯನ್ನು ಬಲಗಿವಿಗೆ ಒತ್ತಿ, ಕಣ್ಣು ಮುಚ್ಚಿದೆ. ಇಪ್ಪತ್ತೆಂಟು ವರ್ಷದಿಂದ ಮಾಡಿದ್ದೇ ಇದು. ಆದರೆ ಪಂಪಿಗೆ ನಲವತ್ತು ಕಡ್ಡಿಗಳು ಇರುವುದಿಲ್ಲ ಎಂಬುದು ಕಣ್ಣು ಮುಚ್ಚಿದವನಿಗೆ ನೆನಪಾಗಬೇಕಲ್ಲ! ತುದಿ ನಟ್ಟಿನ ಮೇಲಿಂದ ಜಾರಿ ತಿರುಗುವ ಕಡ್ಡಿಗಳ ನಡುವೆ ಹೋಯಿತು. ಗಾಲಿ ಅದನ್ನು ಹಿಡಿದು ತಿರುಚಿ, ಹಿಡಿಕೆಯಿಂದ ನನ್ನ ಕಿವಿಗೇ ಒಂದು ಬಾರಿಸಿತು.

ಆ ಒಂದು ಸದ್ದಿನ ಮೂಲ ಎಲ್ಲಿ ಎಂಬುದು ಮಾತ್ರ ನನಗೆ ತಕ್ಷಣ ತಿಳಿಯಿತು.

ಕಿವಿ ಬೋಂಡಾದಂತೆ ಉಬ್ಬಿತು. ನೀಲಾ ಅರಿಶಿನ ಹಚ್ಚಿ, ತಲೆಯ ಸುತ್ತ ಬಿಳಿ ಪಟ್ಟಿ ಕಟ್ಟಿದಳು. ಕಟ್ಟುವಾಗ ಅವಳ ಕೈ ಮೆತ್ತಗಿತ್ತು.

"ಹೋಗೂಣಲ್ರಿ ಈಗ ದವಾಖಾನಿಗೆ? ಚೀಟಿ ಜೇಬಿನ್ಯಾಗ ಐತಿ, ನನಗ ಗೊತ್ತೈತಿ."

"ಇನ್ನೂ ಸಂಜಿ ಆಗಿಲ್ಲ!" ಎಂದೆ.

"ಪ್ಯಾಕಿಂಗ್ ಏನು ಕೆಟ್ಟ ಕೆಲಸ ಅಲ್ಲಲ್ರಿ."

"ಸಂಜಿ ಆಗಿಲ್ಲ ಅಂದ್ನಿ!"

ಅವಳು ಇನ್ನೇನೋ ಅಂದಳು. ಪಟ್ಟಿ ಕಟ್ಟಿದ್ದರಿಂದ ಕೇಳಲಿಲ್ಲ. ಪಟ್ಟಿ ಕಟ್ಟಿದ್ದರಿಂದಲೇ, ಮತ್ತೆ.

ಮಿರಜಕ್ಕೇ ಹೊರಟೆ, ಆದರೆ ದವಾಖಾನೆಗಲ್ಲ. ಸೈಕಲ್ ಏರಿ, ನಡುಹಗಲಿನಲ್ಲಿ, ಇಲಾಹಿ ಚಾಚಾ ಅವರ ಕಡೆಗೆ. ಇಲಾಹಿ ಚಾಚಾ ಹಳೆಯ ಪೇಟೆಯ ಗಲ್ಲಿಯಲ್ಲಿ ಸಿತಾರ ತಯಾರಿಸುವವರು. ಹಿಂದೊಮ್ಮೆ ಅವರ ಮನೆಯ ಪಂಪಿನ ದೋಷವನ್ನು ನಾನು ಕಿವಿಯಿಂದಲೇ ಹಿಡಿದುಕೊಟ್ಟಾಗ, "ನಿಮ್ಮದೂ ನಮ್ಮದೂ ಒಂದ ಧಂದೆ" ಎಂದು ಕೈ ಕುಲುಕಿದ್ದರು. ಯಂತ್ರವಿಲ್ಲದೆ ಬರೀ ಕಿವಿಯಿಂದ ಬದುಕುವ ಮನುಷ್ಯ ನಮ್ಮೂರು, ಮಿರಜ ಎರಡೂ ಸೇರಿ ನಾನು ಬಿಟ್ಟರೆ ಅವರೊಬ್ಬರೇ. ಸೈಕಲ್ಲನ್ನು ಸಿತಾರದವರ ಕಡೆ ಒಯ್ಯುವುದು ಆ ಹೊತ್ತಿಗೆ ನನಗೆ ಅತ್ಯಂತ ಸಹಜವಾಗಿ ಕಂಡಿತು. ಈಗಲೂ ಅದರಲ್ಲಿ ತಪ್ಪು ಕಾಣುವುದಿಲ್ಲ!

ದಾರಿಯಲ್ಲಿ ಒಂದು ಮಳೆ ಬಂದು ಹೋಗಿತ್ತು. ಹಿಂದಿನ ಮಡ್‌ಗಾರ್ಡು ಅಂಗಳದಲ್ಲಿತ್ತು. ಗಾಲಿ ಎತ್ತಿದ ರಾಡಿಯೆಲ್ಲ ನನ್ನ ಬಿಳಿ ಅಂಗಿಯ ಬೆನ್ನ ಮೇಲೆ ಸೊಂಟದಿಂದ ಕುತ್ತಿಗೆಯ ತನಕ ಒಂದು ಪಟ್ಟೆ ಬರೆಯಿತು.

ಚಾಚಾ ಹೊಸ ಸಿತಾರದ ಬುರುಡೆಗೆ ಮರಳು ಕಾಗದ ಉಜ್ಜುತ್ತ ಕುಳಿತಿದ್ದರು. ಧಾರವಾಡ, ಹುಬ್ಬಳ್ಳಿ ಕಡೆಯಿಂದ ವಾದ್ಯ ದುರಸ್ತಿಗೆ ಬರುವವರ ಜೊತೆ ಮಾತಾಡಿ ಮಾತಾಡಿ ಅವರಿಗೆ ಒಳ್ಳೆಯ ಕನ್ನಡ ಬರುತ್ತದೆ.

"ಅರೆ, ಬರ್ರಿ ಬರ್ರಿ! ತಲಿಗೇನಾತು?"

"ತಲಿ ಬಿಡ್ರಿ ಚಾಚಾ. ಈ ಗಾಲಿ ಕೇಳ್ರಿ."

ಚಾಚಾ ಕಾಗದ ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು ಎದ್ದರು. ಸೈಕಲ್ ತಲೆಕೆಳಗಾಯಿತು. ಅವರು ಗಾಲಿ ತಿರುಗಿಸಲಿಲ್ಲ. ಬೆರಳ ತುದಿಯಿಂದ ಒಂದು ಕಡ್ಡಿಯನ್ನು ಮೀಟಿದರು. ಟಿಣ್. ಪಕ್ಕದ್ದನ್ನು ಮೀಟಿದರು. ಟೊಣ್. ಮೂರನೆಯದು ಡಬ್ ಎಂದಿತು. ಚಾಚಾ ಅವರ ಮುಖದ ಮೇಲೆ, ಹುಳಿ ಮೊಸರು ಬಾಯಿಗೆ ಬಂದಾಗ ಆಗುವ ಗೆರೆಗಳು ಮೂಡಿದವು.

"ತೋಬಾ! ಇದರ ಮ್ಯಾಲೆ ಹ್ಯಾಂಗ ಕುಂದರ್ತೀರಿ ನೀವು? ಒಂದೊಂದು ತಾರ ಒಂದೊಂದು ಊರಿಂದ ಬಂದಂಗ ಐತಿ. ಇಷ್ಟು ಬೇಸೂರ್ ಇದ್ರ ಸಪ್ಪಳ ಮಾಡದ ಏನು ಮಾಡೀತು?"

ನನಗೆ ಕಣ್ಣೀರು ಬಂತು. ಇಷ್ಟು ದಿನದಲ್ಲಿ ನನ್ನ ಮಾತು ಅರ್ಥ ಮಾಡಿಕೊಂಡ ಮೊದಲನೆಯ ಮನುಷ್ಯ!

ಕೆಲಸ ಹಂಚಿಕೊಂಡೆವು. ಕಡ್ಡಿ ಬಿಗಿ ಮಾಡುವ ಸಣ್ಣ ಪಾನಾ ನನ್ನ ಕೈಯಲ್ಲಿ, ಕಿವಿ ಅವರದು. ನನ್ನ ಕಿವಿ ಆಗ ಪಟ್ಟಿಯೊಳಗಿತ್ತು. ಅವರು ಮೀಟುವರು, ನಾನು ತಿರುಗಿಸುವೆ.

"ಏರಿಸ್ರಿ. ಏರಿಸ್ರಿ. ಹ್ಞಾ... ಸ್ವಲ್ಪ ಇಳಸ್ರಿ. ಹೆಚ್ಚಾತು. ಏರಿಸ್ರಿ. ಬಸ್! ಮುಂದಿಂದು."

ನಲವತ್ತು ಕಡ್ಡಿ. ಎರಡು ತಾಸು. ವೀಣೆಯ ತಂತಿ ಬದಲಿಸಲು ಬಂದಿದ್ದ ಗಿರಾಕಿಯೊಬ್ಬರು ತಮ್ಮ ಕೆಲಸ ಮರೆತು ನಮ್ಮ ಪಕ್ಕ ಕೂತು ತಲೆದೂಗತೊಡಗಿದರು. ಕೊನೆಯ ಕಡ್ಡಿ ಮುಗಿದ ಮೇಲೆ ಚಾಚಾ ಒಂದು ಬೆರಳನ್ನು ಗಾಲಿಯ ಸುತ್ತ ಎಳೆದರು. ನಲವತ್ತೂ ಕಡ್ಡಿ ಒಂದೇ ಷಡ್ಜದಲ್ಲಿ ಝಣ್ ಎಂದು ಮೊಳಗಿದವು. ಗಿರಾಕಿ "ವ್ಹಾ!" ಎಂದರು. ಭೂಮಂಡಲದಲ್ಲಿ ಇಷ್ಟು ಶ್ರುತಿಶುದ್ಧವಾದ ಹಿಂದಿನ ಗಾಲಿ ಇನ್ನೊಂದು ಇರಲಿಲ್ಲ.

ತಿರುಗಿಸಿದೆ. ತಿರುಗಲಿಲ್ಲ.

ಇನ್ನೊಮ್ಮೆ ತಿರುಗಿಸಿದೆ. ಗಾಲಿ ಪೂರ್ತಿ ಎಡಕ್ಕೆ ವಾಲಿ, ಗೋಡೆಗೆ ಮೈ ತಿಕ್ಕುವ ಎಮ್ಮೆಯಂತೆ ಸೈಕಲ್ಲಿನ ಎಡಗಡೆಯ ಕೊಳವೆಗೆ ಆತುಕೊಂಡಿತ್ತು.

ಚಾಚಾ ಕನ್ನಡಕ ತೆಗೆದು ಒರೆಸಿದರು. "ಸಪ್ಪಳ ಬರಾಕತ್ತೈತೇನು?"

"ಇಲ್ಲ."

"ಹೋತಲ್ಲ ಮತ್ತ!"

ಚಾಚಾ ಚಹಾ ಕುಡಿಸಿ ಕಳಿಸಿದರು.

ಹಿಂದಿನ ಗಾಲಿ ತಿರುಗದ ಸೈಕಲ್ಲನ್ನು ನೂಕಲು ಬರುವುದಿಲ್ಲ. ಹೆಗಲ ಮೇಲೆ ಹೊತ್ತುಕೊಂಡೆ. ಮುಖ್ಯ ರಸ್ತೆಗೆ ಬಂದು ಒಬ್ಬ ರಿಕ್ಷಾದವನನ್ನು, "ಇಲ್ಲಿ ಸೈಕಲ್ ಅಂಗಡಿ ಎಲ್ಲೈತಿ?" ಎಂದು ಕೇಳಿದೆ. ಆತುರದಲ್ಲಿ ಕನ್ನಡದಲ್ಲೇ ಕೇಳಿಬಿಟ್ಟೆ. ಹತ್ತಿರದಲ್ಲೇ ಹುಟ್ಟಿ ಬೆಳೆದು, ದಿನಕ್ಕೆ ನೂರು ಸಲ ಮರಾಠಿ ಮಾತಾಡುವವ ನಾನು ಮಾಡಬಾರದ ತಪ್ಪು ಅದು. ಮಿರಜ ಎಂದರೆ ದವಾಖಾನೆಗಳ ಊರು, ಅಲ್ಲಿ ಕಂಗೆಟ್ಟ ಮುಖದಿಂದ ಕನ್ನಡ ಮಾತಾಡುವವನೆಂದರೆ ಒಂದೇ ಅರ್ಥ. ಗಡಿಯಾಚೆಯಿಂದ ಬಂದ ಪೇಷಂಟು! ಮೇಲೆ ನನ್ನ ತಲೆಗೆ ಪಟ್ಟಿ, ಬೆನ್ನ ಮೇಲೆ ರಾಡಿ, ಹೆಗಲ ಮೇಲೆ ಸೊಟ್ಟ ಗಾಲಿಯ ಸೈಕಲ್ಲು.

"ಅಯ್ಯಯ್ಯ, ಯಾವ ಗಾಡಿ ಬಡೀತ್ರಿ?" ಎನ್ನುತ್ತ ರಿಕ್ಷಾದವ ಜಿಗಿದು ಇಳಿದ. "ಅಂಜಬ್ಯಾಡ್ರಿ. ನನಗ ಕನ್ನಡ ಬರ್ತೈತಿ. ಯಾವ ಊರು? ವಿಜಾಪುರ? ಅಥಣಿ?"

"ವಿಶ್ರಾಮಬಾಗ!"

"ತಲಿಗೆ ಬಡದೈತಿ" ಎಂದು ಅವನು ಪಕ್ಕದ ರಿಕ್ಷಾದವನಿಗೆ ಮರಾಠಿಯಲ್ಲಿ ಮೆಲ್ಲಗೆ ಹೇಳಿದ. ಅದೂ ನನಗೆ ತಿಳಿಯಿತು. ನಾನು ಮರಾಠಿಯಲ್ಲಿ, ನನಗೇನೂ ಆಗಿಲ್ಲ, ಸೈಕಲ್ಲಿಗೆ ಆಗಿದೆ, ಸಿತಾರದವರು ಕಡ್ಡಿಗೆ ಶ್ರುತಿ ಹಚ್ಚಿದ್ದರಿಂದ ಹೀಗಾಯಿತು ಎಂದು ಸವಿಸ್ತಾರವಾಗಿ ತಿಳಿಸಿ ಹೇಳಿದೆ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರೂ ಕೂಡಿ ನನ್ನನ್ನು ಎತ್ತಿ ರಿಕ್ಷಾದಲ್ಲಿ ಕೂರಿಸಿದರು. ಸೈಕಲ್ಲನ್ನು ಹಿಂದೆ ಹಗ್ಗದಿಂದ ಕಟ್ಟಿದರು.

ನಾನು ಇನ್ನೂ ಕೊಸರಾಡುತ್ತಿದ್ದಾಗ ಜೇಬಿನಿಂದ ಮಾಲಕನ ಚೀಟಿ ಕೆಳಗೆ ಬಿತ್ತು. ರಿಕ್ಷಾದವ ಎತ್ತಿ ಓದಿದ. ಕಿವಿ ತಪಾಸಣೆ, ಮಿರಜ.

"ಇಲ್ಲಿ ಬರದಾರಲ್ರಿ ಮತ್ತ! ಯಾಕ ಸುಮ್ಮನ ಅಂಜತೀರಿ?"

ನನ್ನ ಕಾಲ್ಲೆ ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅದೂ ಉಳಿಯಲಿಲ್ಲ!

ಹೀಗೆ ಸಂಜೆಯಾಗುವುದಕ್ಕೆ ಮೊದಲೇ ನಾನು ಕಿವಿಯ ಡಾಕ್ಟರರ ಕಡೆ ತಲುಪಿದೆ. ಅಲ್ಲಿ ಒಬ್ಬ ತರುಣಿ, ಮರ್ಯಾದೆಯಿಂದ, ಪಟ್ಟಿ ಬಿಚ್ಚಿ ನೋಡಿ, ಎಡಗಿವಿ ಪರೀಕ್ಷೆ ಮಾಡೋಣ, ಬಲಗಿವಿ ಆಮೇಲೆ ನೋಡೋಣ ಎಂದಳು. ನಾನು ಒಪ್ಪಲಿಲ್ಲ. ನನಗೆ ಅನ್ನ ಹಾಕಿದ್ದು ಬಲಗಿವಿ. ಎರಡೂ ಮಾಡಬೇಕು, ಈಗಲೇ ಮಾಡಬೇಕು ಎಂದು ಹಟ ಹಿಡಿದೆ. ಅವಳು ಒಂದು ಗೂಡಿನಂಥ ಕೋಣೆಯಲ್ಲಿ ನನ್ನನ್ನು ಕೂರಿಸಿ, ಎರಡೂ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟಳು.

"ಆವಾಜ ಬಂದ ಕೂಡಲೇ ಗುಂಡಿ ಒತ್ರಿ, ಹ್ಞಾ? ಭಾಳ ಸಣ್ಣ ಆವಾಜ ಇರ್ತೈತಿ."

ಸಣ್ಣ ಆವಾಜು! ಕುರಿಯ ಕೆಮ್ಮು ಕೇಳುವ ವಂಶದವನಿಗೆ! ಎಡಗಿವಿಯದು ಪಟಪಟನೆ ಮುಗಿಯಿತು. "ಛಲೋ ಐತಿ" ಎಂದಳು. ಆಮೇಲೆ ಗಾಜಿನಾಚೆ ತಲೆ ಬಗ್ಗಿಸಿ ಏನೋ ಬರೆಯತೊಡಗಿದಳು. ಬಾಗಿಲು ದಪ್ಪ, ಗೋಡೆ ಮೆತ್ತಗೆ. ಕಾರ್ಖಾನೆಯಲ್ಲಿ, ಓಣಿಯಲ್ಲಿ, ಮನೆಯಲ್ಲಿ ಎಂದೂ ಸಿಗದ ಮೌನ. ಅಂಥ ಮೌನದಲ್ಲಿ ಬಲಗಿವಿಯಲ್ಲಿ ಸ್ಪಷ್ಟವಾಗಿ ಬಂತು.

ಖಟಕ್.

ಒತ್ತಿದೆ. ಖಟಕ್. ಒತ್ತಿದೆ. ಒಂದನ್ನೂ ಬಿಡಲಿಲ್ಲ. ಖಟಕ್, ಒತ್ತಿದೆ! ಯಂತ್ರಕ್ಕೆ ಬೆವರು ಬರುವಂತೆ ಒತ್ತಿದೆ! ಮಾಲಕ ಇಲ್ಲಿರಬೇಕಿತ್ತು ಅನ್ನಿಸಿತು.

ತರುಣಿ ತಲೆಯೆತ್ತಿ ಗಾಜಿನಾಚೆಯಿಂದ ನೋಡಿದಳು. ಬಾಗಿಲು ತೆಗೆದಳು.

"ಕಾಕಾ," ಎಂದಳು, "ನಾ ಇನ್ನೂ ಚಾಲೂನ ಮಾಡಿಲ್ಲರಿ."

ಇಲ್ಲಿ ನಾನು ಏನು ಹೇಳಿದೆ ಎಂಬುದು ನೆನಪಿಲ್ಲ. ನೆನಪಿಲ್ಲ ಎಂಬ ಇದೊಂದನ್ನು ಖಾತ್ರಿಯಾಗಿ ಹೇಳಬಲ್ಲೆ. ಅವಳು ಮಾತ್ರ ನಗಲಿಲ್ಲ. ಬಾವು ಇದ್ದಾಗ ಒಳಗೆ ಏನೇನೋ ಕೇಳುತ್ತದೆ, ಈಗಿನದನ್ನು ಹಿಡಿಯಲು ಬರುವುದಿಲ್ಲ, ಹದಿನೈದು ದಿನ ಬಿಟ್ಟು ಬನ್ನಿ ಎಂದು ಪಟ್ಟಿ ಮತ್ತೆ ಕಟ್ಟಿ, ಚೀಟಿಯ ಹಿಂದೆ ಬರೆದುಕೊಟ್ಟಳು. "ಈ ಆವಾಜ ಬಾವು ಬರೂಕಿಂತ ಮೊದಲೂ ಇತ್ತೇನ್ರಿ?" ಎಂದು ಕೇಳಿದಳು.

"ಅದು ಸೈಕಲ್ಲಿಂದು" ಎಂದೆ.

ಅವಳು ಅದನ್ನೂ ಬರೆದುಕೊಂಡಳು.

ಹೊರಗೆ ರಿಕ್ಷಾದವ ಕಾಯುತ್ತಿದ್ದ. ಪೇಷಂಟನ್ನು ನಡುವೆ ಬಿಟ್ಟು ಹೋಗುವವ ತಾನಲ್ಲ ಎಂದ. ನಾನು ನಿಜವಾಗಿಯೂ ವಿಶ್ರಾಮಬಾಗದವನೇ ಎಂದು ಅವನಿಗೆ ನಂಬಿಕೆ ಬಂದದ್ದು ಮಾರುತಿಯ ಅಂಗಡಿಯ ಮುಂದೆ ನಿಲ್ಲಿಸಿದಾಗ. ಹೌದು, ಮಾರುತಿಯ ಅಂಗಡಿ. ಇನ್ನೆಲ್ಲಿ ಹೋಗುವುದು!

ಮಾರುತಿ ಗಾಲಿ ನೋಡಿದ. ಬಗ್ಗಿ ನೋಡಿದ. "ಯಾವ ಮಿಸ್ತ್ರಿ ಕಡೆ ಕೊಟ್ಟಿದ್ರಿ ಕಾಕಾ?"

"ಮಿಸ್ತ್ರಿ ಅಲ್ಲ. ಸಿತಾರದವ್ರು."

ಮಾರುತಿ ಪಕ್ಕದ ಪಾನ್ ಅಂಗಡಿಯವನನ್ನು ಕರೆದು, ಅದನ್ನೇ ಇನ್ನೊಮ್ಮೆ ಹೇಳಿ ಎಂದು ನನಗೆ ಹೇಳಿದ.

"ಹಿಂದಿನ ಗಾಲಿಗೆ ಚೈನಿನ ಕಡೆ ಕಡ್ಡಿ ಬಿಗಿ ಇರಬೇಕ್ರಿ, ಈ ಕಡೆದು ಸಡ್ಲ ಇರಬೇಕು" ಎಂದು ವಿವರಿಸಿದ. "ಎಲ್ಲಾ ಒಂದ ನಮೂನಿ ಮಾಡಿದ್ರ ಗಾಲಿ ಒಂದ ಕಡೆ ಎಳೀತೈತಿ. ಬೇಸೂರ್ ಇದ್ರನ ಅದು ನೆಟ್ಟಗ ಓಡ್ತೈತಿ." ಅರ್ಧ ತಾಸಿನಲ್ಲಿ ಇಲಾಹಿ ಚಾಚಾ ಅವರ ಷಡ್ಜವನ್ನು ಪೂರ್ತಿ ಕೆಡಿಸಿಬಿಟ್ಟ. ಗಾಲಿ ತಿರುಗಿತು.

"ಈಗ ಸಪ್ಪಳ ಕೇಳ" ಎಂದೆ.

ಅವನು ಗಾಲಿ ತಿರುಗಿಸಿ ಕಿವಿಗೊಟ್ಟ. "ನನಗೇನೂ ಕೇಳವಲ್ತು. ಆದ್ರ ನಿಮಗ ಕೇಳಾಕತ್ತಿದ್ರ ಇದ್ದೀತು. ನೀವು ಕಿವಿ ಕಾಕಾ."

ಇದು ಗೌರವವೋ ಚೇಷ್ಟೆಯೋ ತಿಳಿಯಲಿಲ್ಲ. ಅಲ್ಲದೆ ಅಂಗಡಿಯಲ್ಲಿ ರೇಡಿಯೋ ಹಚ್ಚಿತ್ತು. ರೇಡಿಯೋ ಹಚ್ಚಿಕೊಂಡವನ ಸಾಕ್ಷಿಯನ್ನು ನಾನು ಒಪ್ಪುವುದಿಲ್ಲ.

ಮರುದಿನ ಚೀಟಿಯನ್ನು ಮಾಲಕನಿಗೆ ತೋರಿಸಿದೆ. ಹದಿನೈದು ದಿನ ಎಂದು ಬರೆದದ್ದು ನೋಡಿ, ಆಯಿತು ಕಾಕಾ, ಅಲ್ಲಿಯ ತನಕ ನಿಮ್ಮ ಜಾಗದಲ್ಲೇ ಇರಿ ಎಂದ. ಬಲಗಿವಿ ತಾನೇ ಪೆಟ್ಟು ತಿಂದು ನನಗೆ ಹದಿನೈದು ದಿನ ಗಳಿಸಿಕೊಟ್ಟಿದೆ. ಯಂತ್ರ ನನ್ನ ಪಕ್ಕದಲ್ಲಿ ಕೂತು ಅಂಕಿ ತೋರಿಸುತ್ತದೆ, ನಾನು ಎಡಗಿವಿಗೆ ಸ್ಕ್ರೂಡ್ರೈವರ್ ಇಟ್ಟು ಕೇಳುತ್ತೇನೆ. ಇದರಲ್ಲಿ ಹನ್ನೊಂದು ದಿನ ಮುಗಿದಿವೆ. ನಾಲ್ಕು ದಿನ ಬಿಟ್ಟು ಹೋಗುತ್ತೇನೆ. ನನಗೆ ಕೇಳಿದಾಗ ಗುಂಡಿ ಒತ್ತುತ್ತೇನೆ, ಅವರು ಚಾಲೂ ಮಾಡಿರಲಿ, ಬಿಡಲಿ!

ಇನ್ನು ಆ ಸೋಮವಾರದ ಸಂಜೆಯ ಒಂದು ಮಾತು ಉಳಿದಿದೆ. ಮಾರುತಿಯ ಅಂಗಡಿಯಿಂದ ಸೈಕಲ್ ಏರಿ ಮನೆಗೆ ಬಂದೆ. ಗೇಟಿನ ಹತ್ತಿರ ಬರುವಾಗ, ಖಟಕ್. ಇಳಿದೆ. ನೀಲಾ ಮೆಟ್ಟಿಲ ಮೇಲೆ ಕೂತು ಮೆಂತೆಸೊಪ್ಪು ಸೋಸುತ್ತಿದ್ದಳು. ನಾನು ಬಿಚ್ಚಿ ಗುಡ್ಡೆ ಹಾಕಿದ್ದ ಮಡ್‌ಗಾರ್ಡು, ಸ್ಟ್ಯಾಂಡು, ಗಂಟೆ ಎಲ್ಲವನ್ನೂ ಒರೆಸಿ ಗೋಡೆಗೆ ಸಾಲಾಗಿ ಇಟ್ಟಿದ್ದಳು. ನಾನು ಸೈಕಲ್ಲಿನ ಹಿಂದಿನ ಭಾಗ ಎತ್ತಿ ಗಾಲಿ ತಿರುಗಿಸಿದೆ.

"ನೀಲಾ, ಖರೇ ಹೇಳ. ಕೇಳಸ್ತೈತೇನು?"

ಅವಳು ನನ್ನ ಮುಖ ನೋಡಿದಳು, ಬಹಳ ಹೊತ್ತು. ಪಟ್ಟಿ ನೋಡಿದಳು, ಬೆನ್ನ ಮೇಲಿನ ರಾಡಿ ನೋಡಿದಳು. ಮತ್ತೆ ಸೊಪ್ಪಿಗೆ ತಲೆ ಬಗ್ಗಿಸಿದಳು.

"ಹ್ಞೂಂ" ಎಂದಳು. "ಕೇಳಸ್ತೈತ್ರಿ. ಖಟಕ್ ಅಂತ."

ನನಗೆ ಎಷ್ಟು ಆನಂದವಾಯಿತೆಂದರೆ ಸೈಕಲ್ ಕೈಬಿಟ್ಟೆ, ಅದು ಬಿತ್ತು. ಆನಂದದಲ್ಲಿ ಒಂದು ವಿಷಯ ಗಮನಕ್ಕೆ ಬಂದದ್ದು ಆಮೇಲೆ. ಅವಳ ಪಕ್ಕದಲ್ಲೇ ನಲ್ಲಿ ಬಿಟ್ಟಿತ್ತು. ತಗಡಿನ ಬಕೀಟಿಗೆ ನೀರು ಧಬಧಬ ಬೀಳುತ್ತಿತ್ತು. ಕೆಳಗೆ ಬಿದ್ದ ಸೈಕಲ್ಲಿನ ಸದ್ದಿಗೂ ಅವಳು ತಲೆಯೆತ್ತಲಿಲ್ಲ.

ಅವಳಿಗೆ ಆ ಖಟಕ್ ನಿಜವಾಗಿ ಕೇಳಿಸಿತೋ ಇಲ್ಲವೋ, ನನಗೆ ಗೊತ್ತಿಲ್ಲ. 'ನಲ್ಲಿ ಬಂದ್ ಮಾಡಿ ಇನ್ನೊಮ್ಮೆ ಕೇಳು' ಎಂದು ಹೇಳಬಹುದಿತ್ತು. ಹೇಳಿಲ್ಲ.